ಕೊಪ್ಪಳದ ಕೋಟೆಯೂ ಮದ್ದುಗುಂಡಿನ ಸಂಗ್ರಹದ ಅಳತೆಯೂ

ತುಂಗಭದ್ರೆಯ ಎಡದಂಡೆಯಲ್ಲಿರುವ ಹುಲಿಗಿಯು ಹುಲಿಗೆಮ್ಮನ ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತವಾದ ಊರು. ಹೊಸಪೇಟೆಯ ಕಡೆಯಿಂದ ಹೊಳೆಯನ್ನು ದಾಟಿ ಕೊಪ್ಪಳದ ದಾರಿಯನ್ನು ಹಿಡಿದವನಿಗೆ ಈ ಊರನ್ನು ಬಿಟ್ಟ ಬಳಿಕ ಎರೆಯ ಹೊಲಗಳ ನಡುವೆ ಬಂಡೆಗುಡ್ಡಗಳು ಒಂದೊಂದಾಗಿ ತೋರತೊಡಗುತ್ತವೆ. ಅವುಗಳಲ್ಲಿ ಹಲವುದರ ನೆತ್ತಿಯ ಮೇಲೆ ಇಂದಿಗೂ ಕೋಟೆಯ ಗೋಡೆಗಳು ಉಳಿದಿವೆ. ಆನೆಗೊಂದಿ, ಇರಕಲ್ಲಗಡ, ಬಹದ್ದೂರಬಂಡಿ, ಕೊಪ್ಪಳ ಇವೆಲ್ಲವೂ ಈ ಸೀಮೆಯವೇ. ಹೊಳೆಯು ಈ ಕೋಟೆಗಳಿಗೆ ತೆಂಕಣ ಎಲ್ಲೆಯಾಗಿತ್ತಲ್ಲದೆ, ತೆಂಕಣಿಂದ ಬರಬೇಕಾದ ನೆರವಿಗೆ ಕಡೆಯ ಅಡ್ಡಿಯೂ ಆಗಿತ್ತು. ಮಳೆಗಾಲದಲ್ಲಿ ತುಂಬಿ ಹರಿಯುವ ಈ ನದಿಯನ್ನು ಸೈನ್ಯವೂ ತೋಪಿನ ಬಂಡಿಗಳೂ ದಾಟುವುದು ಸುಲಭವಾಗಿರಲಿಲ್ಲ. ಆದುದರಿಂದಲೇ ಈ ಸೀಮೆಯ ಮುತ್ತಿಗೆಗಳು ಬಹುಮಟ್ಟಿಗೆ ಮಳೆ ಹಿಂದೆಗೆದ ಮೇಲೆ ಆರಂಭವಾಗುತ್ತಿದ್ದುವು.

ಇಂತಹ ಕೋಟೆಯೊಂದನ್ನು ಕಾಯಬೇಕಾದ ಕಿಲ್ಲೇದಾರನ ಮುಂದೆ ಇದ್ದ ಪ್ರಶ್ನೆಗಳಲ್ಲಿ ಅತ್ಯಂತ ಕಠಿನವಾದುದು, ಆಪತ್ಕಾಲಕ್ಕೆ ಎಷ್ಟು ಮದ್ದನ್ನು, ಎಷ್ಟು ಗುಂಡನ್ನು ಕೂಡಿಡಬೇಕು ಎಂಬುದು. ಕಡಿಮೆಯಾದರೆ ಗೋಡೆ ಎಷ್ಟು ಎತ್ತರವಾಗಿದ್ದರೂ ಪ್ರಯೋಜನವಿಲ್ಲ. ಹೆಚ್ಚಾದರೆ ಬೊಕ್ಕಸ ಬರಿದಾಗುತ್ತದೆ, ಮದ್ದು ಕೆಡುತ್ತದೆ, ಕೋಟೆ ಬಿದ್ದ ದಿನ ಕೂಡಿಟ್ಟುದೆಲ್ಲವೂ ಶತ್ರುವಿನ ಪಾಲಾಗುತ್ತದೆ. ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ತೋಪುಗಳ ಸಂಖ್ಯೆಯನ್ನೂ ಕೊತ್ತಳಗಳ ಎತ್ತರವನ್ನೂ ಹೇಳಿ ಕೋಟೆಯ ಬಲವನ್ನು ನಿರ್ಣಯಿಸುತ್ತಾರೆ. ಈ ಎಣಿಕೆ ಸಾಲದು. ಸಂಗ್ರಹವನ್ನು ತೂಕದಿಂದ ಅಳೆಯದೆ ಕಾಲದಿಂದ ಅಳೆಯಬೇಕೆಂಬುದಕ್ಕೆ ಕೊಪ್ಪಳದ ಕೋಟೆಯ ಎರಡು ಪ್ರಸಂಗಗಳೇ ಸಾಕ್ಷಿಯಾಗಿವೆ.

ಈ ವಿಚಾರವು ಮದ್ದಿನ ಕಾಲಕ್ಕಿಂತ ಬಹಳ ಹಳೆಯದು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶದ ಪ್ರಕರಣವೊಂದುಂಟು. ಎಣ್ಣೆ, ಧಾನ್ಯ, ಉಪ್ಪು, ಔಷಧ, ಒಣಗಿದ ಕಾಯಿಪಲ್ಯ, ಮೇವು, ಸೌದೆ, ಕಬ್ಬಿಣ, ತೊಗಲು, ಇದ್ದಲು, ಆಯುಧ, ಕವಚ, ಕಲ್ಲು ಇವುಗಳನ್ನು ಅನೇಕ ವರ್ಷಗಳ ಉಪಯೋಗಕ್ಕೆ ಸಾಲುವಂತೆ ಕೋಟೆಯಲ್ಲಿ ಕೂಡಿಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಇದರಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಶಾಸ್ತ್ರಕಾರನು ಇಷ್ಟು ಖಂಡುಗ, ಇಷ್ಟು ಭಾರ ಎಂದು ಹೇಳದೆ ಅಳತೆಯನ್ನು ವರ್ಷಗಳ ಲೆಕ್ಕದಲ್ಲಿ ಕೊಟ್ಟಿರುವುದು. ಎರಡನೆಯದು, ಹೊಸದು ಬಂದ ಹಾಗೆ ಹಳೆಯದನ್ನು ಕಳೆಯುತ್ತ ಸಂಗ್ರಹವನ್ನು ಶುದ್ಧವಾಗಿಡಬೇಕೆಂದು ಅದರ ಬೆನ್ನಿಗೇ ವಿಧಿಸಿರುವುದು. ಆಯುಧಾಗಾರದ ಅಧ್ಯಕ್ಷನ ಕರ್ತವ್ಯವನ್ನು ಹೇಳುವಲ್ಲಿಯೂ, ಆಯುಧಗಳ ಎಡೆಯನ್ನು ಆಗಾಗ್ಗೆ ಬದಲಿಸಿ ಬಿಸಿಲಿಗೂ ಗಾಳಿಗೂ ಒಡ್ಡಬೇಕೆಂದೂ, ಕಾವಿನಿಂದಲೂ ತೇವದಿಂದಲೂ ಹುಳುವಿನಿಂದಲೂ ಕೆಡುವಂತಹವನ್ನು ಬೇರೆ ಬಗೆಯಾಗಿ ಇಡಬೇಕೆಂದೂ ವಿಧಿಸಿದ್ದಾನೆ. ಕೂಡಿಡುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ದಿನದಿನವೂ ನಡೆಯಬೇಕಾದ ಪಾಲನೆಯೆಂಬುದು ಇದರ ತಾತ್ಪರ್ಯ.

ಮದ್ದು ಬಂದ ಮೇಲೆ ಈ ವಿಧಿಯ ಮಹತ್ವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕರಿಮದ್ದಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಲು ಮತ್ತು ಗಂಧಕ. ದನದ ಕೊಟ್ಟಿಗೆಯ ಬಳಿಯ ಮಣ್ಣು, ಹಾಳುಗೋಡೆಯ ಮಣ್ಣು ಮೊದಲಾದವುಗಳನ್ನು ನೀರಿನಲ್ಲಿ ಕದಡಿ, ಬಸಿದು, ಕುದಿಸಿ, ಹರಳುಗಟ್ಟಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಇದ್ದಲಿಗೆ ನಾಡಿನಲ್ಲಿ ಕೊರತೆಯಿರಲಿಲ್ಲ. ಗಂಧಕವಾದರೋ ಹೊರಗಿನಿಂದ ಬರಬೇಕಾದ ವಸ್ತು. ಟೀಪು ಸುಲ್ತಾನನು ಮಸ್ಕತ್ತಿನಲ್ಲಿದ್ದ ತನ್ನ ಕೋಠಿಯ ಮೂಲಕ ಅದನ್ನು ತರಿಸಲು ಯತ್ನಿಸಿದುದು ಅವನ ಪತ್ರಗಳಿಂದ ತಿಳಿದುಬರುತ್ತದೆ. ಹೀಗೆ ಮೂರು ಕಡೆಯಿಂದ ಬಂದು ಕೂಡಿದ ಮದ್ದು ತೇವವನ್ನು ಹೀರುವ ಸ್ವಭಾವವುಳ್ಳದ್ದು. ಪೆಟ್ಲುಪ್ಪನ್ನು ಚೆನ್ನಾಗಿ ಶುದ್ಧಿಮಾಡದೆ ಹೋದರೆ ಈ ದೋಷ ಇನ್ನೂ ಹೆಚ್ಚು. ಕಬ್ಬಿಣದ ಗುಂಡು ನೂರು ವರ್ಷ ಬಿದ್ದಿದ್ದರೂ ಗುಂಡೇ. ಮದ್ದು ಒಂದೆರಡು ಮಳೆಗಾಲ ನೆನೆದರೆ ಬೂದಿಗೆ ಸಮಾನ. ಆದುದರಿಂದ ಕೋಟೆಯ ಸಂಗ್ರಹದಲ್ಲಿ ಕೆಡದ ವಸ್ತು, ಕೆಡುವ ವಸ್ತು ಎಂಬ ಎರಡು ಬಗೆಗಳನ್ನು ಬೇರ್ಪಡಿಸಿ ಎಣಿಸಬೇಕಾಗುತ್ತದೆ. ಮದ್ದಿನ ಮನೆಗಳನ್ನು ದಪ್ಪ ಗೋಡೆಗಳಿಂದ ಕಟ್ಟಿ ವಾಸದ ಮನೆಗಳಿಂದ ದೂರವಿಡುತ್ತಿದ್ದುದಕ್ಕೆ ಬೆಂಕಿಯ ಭಯದೊಡನೆ ತೇವದ ಭಯವೂ ಕಾರಣ.

ತೋಪುಗಳ ಸಂಖ್ಯೆಯೊಂದರಿಂದಲೇ ಕೋಟೆ ಉಳಿಯದೆಂಬುದಕ್ಕೆ ಈ ಸೀಮೆಯ ನೆರೆಯಲ್ಲಿಯೇ ಹಳೆಯ ನಿದರ್ಶನವೊಂದಿದೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಆ ಕೋಟೆಯೊಳಗೆ ಸಣ್ಣವುಗಳನ್ನು ಬಿಟ್ಟು 200 ದೊಡ್ಡ ತೋಪುಗಳಿದ್ದುವೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ. ಅಷ್ಟಿದ್ದರೂ, ನೆರವಿಗೆ ಬಂದ ಬಿಜಾಪುರದ ಸೈನ್ಯವು ಕೃಷ್ಣೆಯ ಬಳಿ ಸೋತು ಹಿಂದಿರುಗಿದ ಮೇಲೆ ಕೋಟೆ ಬಹುಕಾಲ ನಿಲ್ಲಲಿಲ್ಲ. ಕೋಟೆಯ ಅಧಿಕಾರಿ ಕೋವಿಯ ಗುಂಡಿಗೆ ಸಿಕ್ಕಿ ಸತ್ತೊಡನೆ ಒಳಗಿದ್ದವರು ಶರಣಾದರು. ಇನ್ನೂರು ತೋಪುಗಳು ಮಾಡಲಾರದ ಕೆಲಸವನ್ನು ಮಾಡಬೇಕಾಗಿದ್ದುದು ಹೊರಗಿನ ಕುಮ್ಮಕ್ಕು. ಅದು ತಪ್ಪಿದ ಮೇಲೆ ತೋಪುಗಳು ಇದ್ದುವೆಂಬುದು ಲೆಕ್ಕಕ್ಕೆ ಬರಲಿಲ್ಲ.

ಕೊಪ್ಪಳದ ಮಾತಿಗೆ ಬಂದರೆ, 1786ರಲ್ಲಿ ಟೀಪು ಸುಲ್ತಾನನು ಈ ಕೋಟೆಯನ್ನು ಪಾಳೆಯಗಾರನಿಂದ ವಶಪಡಿಸಿಕೊಂಡು ಫ್ರೆಂಚ್ ಯಂತ್ರಜ್ಞರ ಸಹಾಯದಿಂದ ಕೆಳಕೋಟೆಯನ್ನು ಹೊಸದಾಗಿ ಕಟ್ಟಿಸಿದನು. ಮೇಲುಕೋಟೆಯು ಬಯಲಿನಿಂದ ಸುಮಾರು 400 ಅಡಿ ಎತ್ತರದ ಬಂಡೆಯ ಮೇಲಿದೆ. ಮುತ್ತಿಗೆಯ ಕಾಲದಲ್ಲಿ ತರುಣ ಅಧಿಕಾರಿಯಾಗಿ ಅಲ್ಲಿದ್ದ ಜಾನ್ ಮಾಲ್ಕಮನು, ತಾನು ಹಿಂದೂಸ್ಥಾನದಲ್ಲಿ ಕಂಡ ನೆಲೆಗಳಲ್ಲೆಲ್ಲ ಇದೇ ಬಲವಾದುದೆಂದು ಅಭಿಪ್ರಾಯಪಟ್ಟಿದ್ದಾನೆ. 1790ರ ಅಕ್ಟೋಬರ್ ಕಡೆಯಲ್ಲಿ ನಿಜಾಮ ಅಲಿಯ ಸೈನ್ಯವೂ ಅದರೊಡನಿದ್ದ ಇಂಗ್ಲಿಷ್ ಕಂಪನಿಯ ಸಿಪಾಯಿಗಳ ತುಕಡಿಯೂ ಈ ಕೋಟೆಯನ್ನು ಮುತ್ತಿದುವು. ಮೂರನೆಯ ಮೈಸೂರು ಯುದ್ಧದ ಈ ಭಾಗವು ಹತ್ತಿರಹತ್ತಿರ ಆರು ತಿಂಗಳು ನಡೆಯಿತು. ಮುತ್ತಿದವರ ತೋಪುಗಳು ಕೋಟೆಯನ್ನು ಒಡೆಯುವುದಕ್ಕೆ ಬದಲಾಗಿ ತಮ್ಮ ಹೊಡೆತದಿಂದ ತಾವೇ ಕೆಟ್ಟುಹೋಗಿ, ಬೇರೆ ತೋಪುಗಳನ್ನು ತರಿಸಬೇಕಾಯಿತು. ಬಂಡೆಯೇ ಗೋಡೆಯಾಗಿರುವೆಡೆಯಲ್ಲಿ ಗುಂಡು ತಗುಲಿದರೂ ಲಗ್ಗೆಗೆ ತಕ್ಕ ಬಿರುಕು ಬೀಳುವುದು ಕಷ್ಟ. ಅಲ್ಲಿ ಮುತ್ತಿದವನು ವೆಚ್ಚಮಾಡುವ ಮದ್ದು ಕಾಯುವವನ ಮದ್ದಿಗಿಂತ ಎಷ್ಟೋ ಮಡಿ ಹೆಚ್ಚು.

ಅದೇ ತಿಂಗಳುಗಳಲ್ಲಿ ಪಡುವಲ ಬದಿಯಲ್ಲಿ ಧಾರವಾಡದ ಮುತ್ತಿಗೆಯೂ ನಡೆಯುತ್ತಿತ್ತು. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯವೂ ಕ್ಯಾಪ್ಟನ್ ಲಿಟಲನ ಇಂಗ್ಲಿಷ್ ತುಕಡಿಯೂ ಹೊರಗೆ, ಟೀಪುವಿನ ಅಧಿಕಾರಿಯಾದ ಬದ್ರುಜ್ಜಮಾನ್ ಖಾನನು ಒಳಗೆ. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರನು 1794ರಲ್ಲಿ ಪ್ರಕಟಿಸಿದ ವೃತ್ತಾಂತವು ಮದ್ದಿನ ವೆಚ್ಚದ ವಿಷಯದಲ್ಲಿ ಬಹಳ ಬೆಲೆಯುಳ್ಳುದು. ತೋಪಿಗೆ ಮದ್ದುಗುಂಡನ್ನು ತುಂಬಿದ ಮೇಲೆ ಗೋಲಂದಾಜರೆಲ್ಲ ಕುಳಿತು ಅರ್ಧ ಗಂಟೆ ಮಾತನಾಡುತ್ತ ಹೊಗೆ ಸೇದುತ್ತಿದ್ದರಂತೆ. ಆ ಬಳಿಕ ತೋಪನ್ನು ಹಾರಿಸಿ, ಗೋಡೆಯಿಂದ ಧೂಳು ಚೆನ್ನಾಗಿ ಎದ್ದರೆ ತೃಪ್ತರಾಗಿ, ಮತ್ತೆ ತುಂಬಿ, ಮತ್ತೆ ಮಾತಿಗೆ ಕೂರುತ್ತಿದ್ದರಂತೆ. ಮಧ್ಯಾಹ್ನ ಒಂದು ಗಂಟೆಯಿಂದ ಮೂರರವರೆಗೆ ಊಟದ ವೇಳೆಯೆಂದು ಎರಡು ಪಕ್ಷದವರೂ ಹೆಚ್ಚಾಗಿ ಗುಂಡು ಹಾರಿಸುತ್ತಿರಲಿಲ್ಲವಂತೆ. ಮೂರನು ಇದನ್ನು ಮರಾಠರ ಆಲಸ್ಯಕ್ಕೆ ನಿದರ್ಶನವಾಗಿ ಬರೆದನು. ಓದಿದವರೂ ಹಾಗೆಯೇ ನಕ್ಕಿದ್ದಾರೆ. ಆದರೆ ಆ ಪಾಳೆಯದಲ್ಲಿ ಮದ್ದಿನ ಕೊರತೆ ಪದೇ ಪದೇ ತಲೆದೋರುತ್ತಿತ್ತೆಂಬುದನ್ನೂ ಇದರೊಡನೆ ಇಟ್ಟು ನೋಡಬೇಕು. ದೂರದಿಂದ ಎತ್ತಿನ ಮೇಲೆ ಬರಬೇಕಾದ ಮದ್ದನ್ನು ಕಾದು ಕುಳಿತವನಿಗೆ ಗಂಟೆಗೆ ಎರಡು ಗುಂಡೆಂಬುದು ಸೋಮಾರಿತನವಾಗಿರುವಷ್ಟೇ ಮಿತವ್ಯಯವೂ ಆಗಿರಬಹುದು. ತೋಪು ಕಾಯ್ದು ಒಡೆಯದಂತೆ ಆರಿಸಿಕೊಳ್ಳುವುದಕ್ಕೂ ಆ ಬಿಡುವು ಬೇಕು.

ಆತುರದ ಫಲವೂ ಅಲ್ಲಿಯೇ ಕಂಡಿತು. ಬೊಂಬಾಯಿಯಿಂದ ನೆರವಿಗೆ ಬಂದ ಕರ್ನಲ್ ಫ್ರೆಡರಿಕನು ತೋಪುಗಳಿಗೆ ಕಾಯಲಾರದೆ 1791ರ ಫೆಬ್ರವರಿ 7ರಂದು ಅಗಳನ್ನು ಸೌದೆಯ ಹೊರೆಗಳಿಂದ ತುಂಬಿ ಲಗ್ಗೆಯಿಡಲು ಯತ್ನಿಸಿದನು. ಒಳಗಿನವರು ಆ ಹೊರೆಗಳಿಗೆ ಬೆಂಕಿಯಿಟ್ಟು ಲಗ್ಗೆಯನ್ನು ಕೆಡಿಸಿದರು. ತೋಪಿಗೆ ತಕ್ಕ ಮದ್ದು ಹೊರಗೆ ಇಲ್ಲದುದರಿಂದ, ಒಂದು ಕಿಡಿಯಿಂದ ಕೋಟೆ ಆ ದಿನ ಉಳಿಯಿತು.

ಹಾಗಾದರೆ ಈ ಎರಡು ಕೋಟೆಗಳು ಕಡೆಗೆ ಏಕೆ ಬಿದ್ದುವು? ಕಾಲಾನುಕ್ರಮವನ್ನು ನೋಡಿದರೆ ಉತ್ತರ ತಾನಾಗಿ ತೋರುತ್ತದೆ. ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಏಪ್ರಿಲ್ ಆರಂಭದಲ್ಲಿ ಧಾರವಾಡವೂ, ಏಪ್ರಿಲ್ 18ರಂದು ಕೊಪ್ಪಳವೂ, ಅದರ ಬೆನ್ನಿಗೆ ಬಹದ್ದೂರಬಂಡಿಯೂ ಕೈಬಿಟ್ಟುವು. ಆರು ತಿಂಗಳ ಗುಂಡಿನಿಂದ ಆಗದ ಕೆಲಸವನ್ನು ಬೆಂಗಳೂರಿನ ಸುದ್ದಿಯು ನಾಲ್ಕು ವಾರಗಳಲ್ಲಿ ಮಾಡಿತು. ಟೀಪುವಿನ ಸೈನ್ಯವು ತನ್ನ ರಾಜಧಾನಿಯನ್ನೇ ಕಾಯಬೇಕಾಗಿ ಬಂದ ಮೇಲೆ, ಹುಲಿಗಿಯ ಎದುರಿನ ದಂಡೆಯಲ್ಲಿ ಅದರ ಧ್ವಜ ಕಾಣುವುದೆಂಬ ಆಸೆ ಕೊಪ್ಪಳದವರಿಗೆ ಉಳಿಯಲಿಲ್ಲ. ಕೋಟೆಯವರು ಕೂಡಿಟ್ಟ ಮದ್ದು ಒಂದು ನಿರೀಕ್ಷೆಯ ಅಳತೆಗೆ ಕೂಡಿಟ್ಟುದು. ಇಂತಿಷ್ಟು ದಿನ ತಡೆದರೆ ಹೊಳೆಯಾಚೆಯಿಂದ ಕುಮ್ಮಕ್ಕು ಬರುತ್ತದೆ ಎಂಬುದೇ ಆ ನಿರೀಕ್ಷೆ. ನಿರೀಕ್ಷೆ ಮುರಿದ ದಿನ, ಮದ್ದಿನ ಮನೆಯಲ್ಲಿ ಉಳಿದುದು ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲದಂತಾಯಿತು.

ಗೆದ್ದವರಿಗೂ ಈ ನಿಯಮ ಬಿಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ ಕಾರ್ನ್‌ವಾಲಿಸನು, ಎತ್ತುಗಳು ಸತ್ತು ಮೇವೂ ಆಹಾರವೂ ತೀರಿದುದರಿಂದ, ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಗುಂಡೂ ಮದ್ದೂ ಇದ್ದು ಅವನ್ನು ಎಳೆಯುವ ಎತ್ತಿಲ್ಲದಿದ್ದರೆ ಸಂಗ್ರಹವು ಹೊರೆಯೇ ಸರಿ. 1799ರಲ್ಲಿ ಜನರಲ್ ಹ್ಯಾರಿಸನು ಮತ್ತೆ ಶ್ರೀರಂಗಪಟ್ಟಣದ ಮುಂದೆ ಕುಳಿತಾಗಲೂ, ಏಪ್ರಿಲ್ ನಡುವಿನಲ್ಲಿ ಅವನ ಪಾಳೆಯವನ್ನು ಕಾಡಿದ್ದು ಅಕ್ಕಿಯ ಕೊರತೆ. ಮುತ್ತಿಗೆಯ ಅವಧಿಯನ್ನು ಮದ್ದಿನ ಪೀಪಾಯಿಗಳಿಗೆ ಮೊದಲು ಅಕ್ಕಿಯ ಚೀಲಗಳೇ ನಿರ್ಣಯಿಸುತ್ತಿದ್ದುವು.

ಶ್ರೀರಂಗಪಟ್ಟಣದ ಪತನಾನಂತರ ಇಂಗ್ಲಿಷರು ಮಾಡಿದ ಪಟ್ಟಿಯು ಸಂಗ್ರಹದ ವಿಚಾರಕ್ಕೆ ಕನ್ನಡ ನಾಡಿನಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಲೆಕ್ಕ. ಅದರಂತೆ ಅಲ್ಲಿ ಸಿಕ್ಕಿದುದು 929 ತೋಪುಗಳು, ಸುಮಾರು 4,24,000 ತೋಪಿನ ಗುಂಡುಗಳು, 5,20,000 ಪೌಂಡು ಮದ್ದು. ಈ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ವಿಶೇಷವೊಂದು ತಿಳಿಯುತ್ತದೆ. ಆ ಕಾಲದ ತೋಪಿಗೆ ಸಾಮಾನ್ಯವಾಗಿ ಗುಂಡಿನ ತೂಕದ ಮೂರನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಮದ್ದು ಬೇಕು. ದೊಡ್ಡ ತೋಪು ಸಣ್ಣ ತೋಪುಗಳನ್ನೆಲ್ಲ ಸೇರಿಸಿ ಒಂದು ಗುಂಡಿಗೆ ಕೇವಲ 2 ಪೌಂಡು ಮದ್ದೆಂದು ಹಿಡಿದರೂ, ಇದ್ದ ಮದ್ದು 2,60,000 ಗುಂಡುಗಳಿಗೆ ಮಾತ್ರ ಸಾಲುತ್ತಿತ್ತು. ಅಂದರೆ ಇದ್ದ ಗುಂಡುಗಳಲ್ಲಿ ಐದರಲ್ಲಿ ಮೂರು ಪಾಲಿಗೆ. 4 ಪೌಂಡೆಂದು ಹಿಡಿದರೆ 1,30,000 ಗುಂಡುಗಳಿಗೆ. ಅಂದರೆ ಮೂರನೆಯ ಒಂದು ಪಾಲಿಗೂ ಕಡಿಮೆ. ಕೋವಿಗಳಿಗೂ ಬಾಣಗಳಿಗೂ ಬೇಕಾದ ಮದ್ದು ಇದರಿಂದಲೇ ಹೋಗಬೇಕು. ಗುಂಡು ಮದ್ದನ್ನು ಮೀರಿ ಬೆಳೆದುದಕ್ಕೆ ಅಜಾಗರೂಕತೆಯೇ ಕಾರಣವೆಂದು ಹೇಳಬೇಕಾಗಿಲ್ಲ. ಕೆಡದ ವಸ್ತು ವರ್ಷದಿಂದ ವರ್ಷಕ್ಕೆ ರಾಶಿಯಾಗುತ್ತದೆ. ಕೆಡುವ ವಸ್ತುವನ್ನು ಬೇಕಾದಷ್ಟೇ ಮಾಡಿಕೊಳ್ಳಬೇಕಾಗುತ್ತದೆ. ಆದರೆ ಗುಂಡಿನ ರಾಶಿಯನ್ನು ನೋಡಿ ಬಲವನ್ನು ಎಣಿಸಿದವನು ತನ್ನನ್ನು ತಾನೇ ವಂಚಿಸಿಕೊಂಡಂತಾಗುತ್ತದೆ.

ಅಲ್ಲಿಯೇ ದೊರೆತ ಬಾಣಗಳ ಲೆಕ್ಕವೂ ಇದಕ್ಕೆ ಪೋಷಕವಾಗಿದೆ. ಬಳಕೆಗೆ ಸಿದ್ಧವಾಗಿದ್ದ ಬಾಣಗಳು 700, ಮದ್ದು ತುಂಬದ ಬರಿಯ ಕೊಳವೆಗಳು 9,000. ಕಬ್ಬಿಣದ ಕೊಳವೆಯನ್ನು ಮೊದಲೇ ಸಿದ್ಧಮಾಡಿಟ್ಟು, ಮದ್ದನ್ನು ಕೆಲಸದ ಹೊತ್ತಿಗೆ ತುಂಬುವ ಕ್ರಮವು ಕೆಡುವುದನ್ನೂ ಕೆಡದುದನ್ನೂ ಬೇರ್ಪಡಿಸಿದ ವಿವೇಕದ ಕ್ರಮವೇ ಹೌದು. ಆದರೆ ಅದು ಮುನ್ನೆಚ್ಚರಿಕೆಗೆ ಸಮಯ ದೊರೆಯುವುದೆಂಬ ನಂಬಿಕೆಯ ಮೇಲೆ ನಿಂತಿದೆ. ತುಂಬಿದುದನ್ನು ಹೆಚ್ಚಾಗಿ ಇಟ್ಟರೆ ಒದಗುವ ಅಪಾಯವೂ ಸಣ್ಣದಲ್ಲ. ಮೇ 2ರಂದು ಮುತ್ತಿದವರ ಗುಂಡೊಂದು ಬಾಣಗಳ ಕೋಠಿಗೆ ತಗುಲಿ, ಕೂಡಿಟ್ಟುದೆಲ್ಲ ಕೋಟೆಯೊಳಗೇ ಸಿಡಿಯಿತು. ಎರಡು ದಿನಗಳ ಮೇಲೆ ಕೋಟೆ ಬಿದ್ದಿತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಹೊರಬಂದುದು ಇದೇ ಇತಿಹಾಸದ ಇನ್ನೊಂದು ಪುಟ. ಆಪತ್ಕಾಲಕ್ಕೆಂದು ಮಾಡಿದುವು ಯಾವ ಆಪತ್ತಿಗೂ ಒದಗದೆ ಎರಡು ಶತಮಾನಕ್ಕೂ ಮೀರಿ ಕೆಸರಿನಲ್ಲಿ ಬಿದ್ದಿದ್ದುವು. ಶ್ರೀರಂಗಪಟ್ಟಣದ ಹಳೆಯ ಮದ್ದಿನ ಮನೆಯೊಂದನ್ನಾದರೋ ರೈಲುದಾರಿಯ ವಿಸ್ತರಣಕ್ಕಾಗಿ 2017ರಲ್ಲಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಮದ್ದು ಹೋದರೂ ಅದನ್ನು ಕಾದ ಗೋಡೆ ಉಳಿದಿದೆ.

ಕೊಪ್ಪಳದ ಎರಡನೆಯ ಪ್ರಸಂಗವು 1858ರದು. ಅಷ್ಟರಲ್ಲಿ ಈ ಕೋಟೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಹೊಳೆಯ ಆಚೆಯ ಬಳ್ಳಾರಿ ಸೀಮೆಯೂ ಪಡುವಲ ಧಾರವಾಡ ಸೀಮೆಯೂ ಇಂಗ್ಲಿಷರವು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯು ಕೂಡಿಡುವ ಪ್ರಶ್ನೆಗೆ ಹೊಸ ರೂಪವನ್ನು ಕೊಟ್ಟಿತು. ಎಷ್ಟು ಇಡಬೇಕೆಂಬ ವಿಚಾರ ಹೋಗಿ, ಅನುಮತಿಯಿಲ್ಲದೆ ಇಡುವುದೇ ಅಪರಾಧವೆಂದಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲಾರದೆ ಹೋರಾಡಿ ಸತ್ತುದು ಲಾವಣಿಗಳಿಂದ ನಾಡಿಗೆಲ್ಲ ತಿಳಿದ ವಿಷಯ. ತುಂಗಭದ್ರೆಯ ತೀರದ ಹಮ್ಮಿಗಿಯಲ್ಲಿ ಕೆಂಚನಗೌಡನು ಗುಟ್ಟಾಗಿ ಕೂಡಿಟ್ಟಿದ್ದ ಶಸ್ತ್ರಗಳು 1858ರ ಮೇ ತಿಂಗಳಿನಲ್ಲಿ ಸರಕಾರದ ಕಣ್ಣಿಗೆ ಬಿದ್ದು ಅವುಗಳ ಮೇಲೆ ಕಾವಲು ಕುಳಿತಿತು. ಮುಂಡರಗಿಯ ಭೀಮರಾಯನೂ ಕೆಂಚನಗೌಡನೂ ಆ ಕಾವಲನ್ನು ಮುರಿದು ಶಸ್ತ್ರಗಳನ್ನು ಬಿಡಿಸಿಕೊಂಡರು. ಡಂಬಳದ ಖಜಾನೆಯನ್ನು ವಶಮಾಡಿಕೊಂಡರು. ಅಲ್ಲಿಂದ ಬಂದು ಕೊಪ್ಪಳದ ಕೋಟೆಯನ್ನು ಸೇರಿದರು. ಅತ್ತ ನರಗುಂದದ ಭಾಸ್ಕರರಾಯನೂ ಅದೇ ದಿನಗಳಲ್ಲಿ ಎದ್ದನು.

ಇಲ್ಲಿ ವಿಚಾರಿಸತಕ್ಕುದು ಕಾಲ. ಗುಪ್ತಸಂಗ್ರಹಕ್ಕೆ ಅದು ಬಯಲಾಗುವ ದಿನವೇ ಮಿತಿ. ತಕ್ಕಷ್ಟು ಕೂಡುವವರೆಗೆ ಕಾಯುವ ಸ್ವಾತಂತ್ರ್ಯ ಹಮ್ಮಿಗಿಯವರಿಗೆ ಇರಲಿಲ್ಲ, ಬಯಲಾದೊಡನೆ ಏಳಬೇಕಾಯಿತು. ಹೀಗೆ ಎದ್ದವರು ಹಿಂದೆ ಆರು ತಿಂಗಳು ನಿಂತ ಅದೇ ಬಂಡೆಯ ಮೇಲೆ ಹತ್ತಿದರು. ಗೋಡೆ ಅದೇ, ಎತ್ತರ ಅದೇ. ಆದರೆ ಜೂನ್ 1ರಂದು ಮೇಜರ್ ಹ್ಯೂಸನ ಸೈನ್ಯವು ಕೋಟೆಯನ್ನು ಹಿಡಿಯಿತು. ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತಲೇ ಸತ್ತರು. 1790ರಲ್ಲಿ ಒಳಗಿದ್ದವರಿಗೆ ಹೊಳೆಯಾಚೆ ಒಬ್ಬ ಸುಲ್ತಾನನಿದ್ದನು, ಅವನ ಸೈನ್ಯವಿತ್ತು. 1858ರಲ್ಲಿ ಹೊಳೆಯ ಆ ದಂಡೆ ಶತ್ರುವಿನದು, ಈ ದಂಡೆ ಶತ್ರುವಿನ ಮಿತ್ರನದು. ನರಗುಂದವೂ ಅದೇ ಹೊತ್ತಿಗೆ ಕೈಬಿಟ್ಟಿತು. ಯಾವ ಕಡೆಯಿಂದಲೂ ಕುಮ್ಮಕ್ಕು ಬರುವ ದಾರಿಯಿರಲಿಲ್ಲ. ಅಂತಹ ನೆಲೆಯಲ್ಲಿ ಹಮ್ಮಿಗಿಯ ಸಂಗ್ರಹ ಹತ್ತುಮಡಿಯಾಗಿದ್ದರೂ ಹೋರಾಟ ಕೆಲವು ದಿನ ಬೆಳೆಯುತ್ತಿತ್ತೇ ಹೊರತು ಅದರ ಕೊನೆ ಬೇರೆಯಾಗುತ್ತಿತ್ತೆಂದು ಹೇಳುವುದು ಕಷ್ಟ. ಇದರಿಂದ ಆ ವೀರರ ಕೀರ್ತಿಗೆ ಕುಂದಿಲ್ಲ. ಬರುವ ನೆರವಿಲ್ಲವೆಂದು ತಿಳಿದೂ ಕೋಟೆಯನ್ನು ಹತ್ತಿದವರ ಧೈರ್ಯವನ್ನು ಮದ್ದಿನ ತೂಕದಿಂದ ಅಳೆಯುವುದು ಸಲ್ಲದು.

ಈ ಪ್ರಸಂಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಎಷ್ಟು ಮದ್ದನ್ನು ಕೂಡಿಡಬೇಕೆಂಬ ಹಳೆಯ ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರವಿಲ್ಲವೆಂದು ಸ್ಪಷ್ಟವಾಗುತ್ತದೆ. ಶತ್ರುವು ಎಷ್ಟು ದಿನ ಹೊರಗೆ ಕುಳಿತಿರಬಲ್ಲನು, ಕುಮ್ಮಕ್ಕು ಎಷ್ಟು ದಿನದೊಳಗೆ ಬರಬಲ್ಲದು, ಕೂಡಿಟ್ಟುದು ಎಷ್ಟು ದಿನ ಕೆಡದೆ ಇರಬಲ್ಲದು ಎಂಬ ಮೂರು ಅವಧಿಗಳನ್ನು ಎಣಿಸಬೇಕು. ಅವುಗಳೊಳಗೆ ಎರಡನೆಯದೇ ಮುಖ್ಯವಾದುದು. ಕುಮ್ಮಕ್ಕಿನ ದಿನದವರೆಗೆ ಸಾಲುವ ಮದ್ದು ಸ್ವಲ್ಪವಾದರೂ ಸಮೃದ್ಧಿ; ಕುಮ್ಮಕ್ಕೇ ಇಲ್ಲದ ಕೋಟೆಯಲ್ಲಿ ಐದು ಲಕ್ಷ ಪೌಂಡೂ ಶತ್ರುವಿಗೆ ಮೀಸಲಿಟ್ಟ ಧನ. ಅರ್ಥಶಾಸ್ತ್ರಕಾರನು ತೂಕವನ್ನು ಬಿಟ್ಟು ಕಾಲದಿಂದ ಅಳೆದುದರ ಯುಕ್ತತೆಯು ಇದರಿಂದ ವ್ಯಕ್ತವಾಗುತ್ತದೆ.

ಕೊಪ್ಪಳದ ಬಂಡೆಯನ್ನು ಹತ್ತಿ ನಿಂತ ಕಾವಲುಗಾರನು ಆಗ್ನೇಯ ದಿಕ್ಕಿಗೆ, ಹುಲಿಗಿಯ ಹೊಳೆಯ ಕಡೆಗೆ, ಕಣ್ಣಿಟ್ಟು ಎಣಿಸುತ್ತಿದ್ದುದು ಮದ್ದಿನ ಪೀಪಾಯಿಗಳನ್ನಲ್ಲ, ದಿನಗಳನ್ನು. ಕೋಟೆಯ ಇತಿಹಾಸವನ್ನು ಬರೆಯುವವರೂ ಆ ಎಣಿಕೆಯನ್ನೇ ಮೊದಲು ಮಾಡುವುದು ಯುಕ್ತ.